ಚಂದ್ರಲೇಖಾ ಭರತನಾಟ್ಯವನ್ನು ಬಿಟ್ಟರೇ?

ನೀವು ಹತ್ತು ವರ್ಷ ಭರತನಾಟ್ಯ ಕಲಿತಿದ್ದರೂ ನೃತ್ಯ ಸಂಯೋಜಕಿ ಚಂದ್ರಲೇಖಾ ಅವರ ‘ಶರೀರ’ ಎಂಬ ನೃತ್ಯಕೃತಿಯಲ್ಲಿ ನಿಮಗೆ ಒಂದು ಅಡವೂ (ಭರತನಾಟ್ಯದ ಮೂಲ ಹೆಜ್ಜೆ) ಗುರುತು ಸಿಗಲಿಲ್ಲವೆಂದೂ, ಅವರು ಭರತನಾಟ್ಯವನ್ನು ಪೂರ್ತಿ ಬಿಟ್ಟುಬಿಟ್ಟರೇ ಎಂದೂ ಕೇಳಿದ್ದೀರಿ. ಬಿಡಲಿಲ್ಲ, ಅದರ ಅಡಿಪಾಯವನ್ನು ಅಗೆದು ನೋಡಿದರು ಎಂಬುದು ನನ್ನ ಉತ್ತರ.

ಮೈಸೂರಿನಲ್ಲಿ ನೃತ್ಯ ಕಲಿಸುವ ನನಗೂ ಈ ಗೊಂದಲ ಬಹುಕಾಲ ಇತ್ತು. ಜಟ್ಟಿ ತಾಯಮ್ಮನವರಿಂದ ವೆಂಕಟಲಕ್ಷಮ್ಮನವರಿಗೆ ಬಂದ ಈ ಊರಿನ ಸಂಪ್ರದಾಯದಲ್ಲಿ ಅಭಿನಯವೇ ಜೀವಾಳ. ಕಣ್ಣು, ಹುಬ್ಬು, ಬೆರಳುಗಳಿಂದಲೇ ಹಾಡಿನ ಒಂದು ಸಾಲನ್ನು ಹಲವು ಬಗೆಯಲ್ಲಿ ಅರಳಿಸುವುದನ್ನು ಮೆಚ್ಚಿ ಬೆಳೆದವರಿಗೆ, ಮುಖವನ್ನು ನಿಶ್ಚಲವಾಗಿಟ್ಟು ಕಾಲನ್ನು ಕೂದಲೆಳೆಯಷ್ಟೇ ಸರಿಸುವ ಕಲಾವಿದೆಯನ್ನು ಕಂಡರೆ ಕಸಿವಿಸಿಯಾಗುವುದು ಸಹಜ.

ಮಹಾರಾಷ್ಟ್ರದ ವಾಡಾದಲ್ಲಿ 1928ರಲ್ಲಿ ಹುಟ್ಟಿದ ಚಂದ್ರಲೇಖಾ ಮದರಾಸಿಗೆ ಬಂದು ಎಲ್ಲಪ್ಪ ಪಿಳ್ಳೆಯವರಲ್ಲಿ ಕಲಿತರು. 1952ರ ಅವರ ರಂಗಪ್ರವೇಶ ರಾಯಲಸೀಮೆಯ ಬರಪರಿಹಾರ ನಿಧಿಗಾಗಿ ನಡೆದದ್ದು. ಯಮುನೆಯಲ್ಲಿ ಸಖಿಯರ ಜಲಕ್ರೀಡೆಯನ್ನು ಅಭಿನಯಿಸುತ್ತಿರುವಾಗ, ಬಿರಿದ ನೆಲದ, ನೀರಿಗಾಗಿ ಸಾಲುನಿಂತ ಜನರ ಚಿತ್ರಗಳು ನೆನಪಾಗಿ ತಾವು ಸ್ತಬ್ಧರಾದುದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ನಾನು ಇದನ್ನು ಮೊದಲು ಓದಿದಾಗ ಕೇವಲ ಭಾವುಕತೆಯೆಂದುಕೊಂಡಿದ್ದೆ. ಆದರೆ 2023ರಲ್ಲಿ, ಮಂಡ್ಯದ ರೈತರು ಕಾವೇರಿ ನೀರಿಗಾಗಿ ಧರಣಿ ಕುಳಿತಿದ್ದ ದಿನಗಳಲ್ಲಿ, ಅಲ್ಲಿಂದ ಬರುವ ವಿದ್ಯಾರ್ಥಿನಿಯೊಬ್ಬಳಿಗೆ ನೀರೆರಚಾಟದ ಸಂಚಾರಿಯನ್ನು (ಹಾಡಿನ ಸಾಲನ್ನು ವಿಸ್ತರಿಸುವ ಅಭಿನಯವನ್ನು) ತಿದ್ದುತ್ತಿದ್ದ ನನ್ನ ಕೈಯೂ ಒಂದು ಗಳಿಗೆ ನಿಂತಿತು.

1972ರ ‘ನವಗ್ರಹ’ದ ಬಳಿಕ ಅವರು ಹನ್ನೆರಡು ವರ್ಷದಷ್ಟು ಕಾಲ ವೇದಿಕೆಯಿಂದ ದೂರವಿದ್ದು, ಬರವಣಿಗೆ, ಭಿತ್ತಿಪತ್ರ, ಮಹಿಳಾ ಚಳವಳಿಗಳಲ್ಲಿ ತೊಡಗಿದ್ದರು. 1985ರ ‘ಆಂಗಿಕ’ದೊಂದಿಗೆ ಹೊಸ ದಾರಿ ಸ್ಪಷ್ಟವಾಯಿತು. ದೇವರ ಕಥೆಗಳನ್ನು ಬದಿಗಿಟ್ಟು, ಭರತನಾಟ್ಯ, ಯೋಗ, ಕೇರಳದ ಸಮರಕಲೆ ಕಳರಿಪಯಟ್ಟುಗಳನ್ನು ಒಂದೇ ದೇಹದ ಭಾಷೆಗಳೆಂಬಂತೆ ಅಕ್ಕಪಕ್ಕದಲ್ಲಿರಿಸಿದರು. (ಯೋಗವೆಂದರೆ ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ಚಾಪೆ ಹೊತ್ತು ನಡೆಯುವ ವಿದೇಶೀಯರ ಪಾಡು ಎಂದುಕೊಂಡಿರುವ ನಮ್ಮೂರ ನೃತ್ಯದವರು ಇದನ್ನು ಗಮನಿಸಬೇಕು.) 1989ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯರ ಗಣಿತವೇ ನೃತ್ಯದ ವಸ್ತುವಾಯಿತು.

ನೀವು ಗುರುತಿಸಲಾಗದೆ ಹೋದ ಭರತನಾಟ್ಯ ಇರುವುದು ಅವರ ಮಂಡಲದ, ಅಂದರೆ ಮಂಡಿ ಬಾಗಿಸಿ ನಿಲ್ಲುವ ಭಂಗಿಯ, ಕಲ್ಪನೆಯಲ್ಲಿ. ನಮ್ಮ ತರಗತಿಗಳಲ್ಲಿ ಅರಮಂಡಿಯೆಂದರೆ ಅಡವು ಆರಂಭಿಸುವ ಮುನ್ನ, ಮಂಡಿಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕೂರಬೇಕಾದ ಭಂಗಿ. ಮಕ್ಕಳು ಥಟ್ಟನೆ ಕೂರುತ್ತಾರೆ, ಮೂರನೇ ಕಾಲಕ್ಕೆ (ಅತಿ ವೇಗದ ಸುತ್ತಿಗೆ) ಬರುವಷ್ಟರಲ್ಲಿ ಅರ್ಧ ಎದ್ದಿರುತ್ತಾರೆ. ಚಂದ್ರಲೇಖಾ ಅವರಿಗಾದರೋ ಆ ಭಂಗಿಯೇ ನೃತ್ಯ: ಭಾರ ಸೊಂಟದ ಕೆಳಗೆ ಇಳಿಯುವುದು, ತೊಡೆಗಳು ಹೊರಕ್ಕೆ ತೆರೆದುಕೊಳ್ಳುವುದು, ಬೆನ್ನು ಮಾತ್ರ ಮೇಲಕ್ಕೆ ಎಳೆದಂತೆ ನೆಟ್ಟಗೆ ನಿಲ್ಲುವುದು, ಈ ಎದುರುಬದುರಿನ ಸೆಳೆತದಲ್ಲಿಯೇ ಅವರಿಗೆ ಹೇಳಬೇಕಾದದ್ದೆಲ್ಲ ಇತ್ತು. ವೇಗವಿದ್ದರೆ ಈ ಸೆಳೆತ ಕಾಣದೆ ಹೋಗುತ್ತದೆ. ಆದ್ದರಿಂದಲೇ 2001ರ ‘ಶರೀರ’ದಲ್ಲಿ ಅಷ್ಟೊಂದು ನಿಧಾನ.

ಆದರೂ ಮುಖಾಭಿನಯವನ್ನು ಅವರು ಅಷ್ಟು ದೂರವಿಟ್ಟದ್ದು ನನಗೆ ಇಂದಿಗೂ ಪೂರ್ತಿ ಒಪ್ಪಿಗೆಯಿಲ್ಲ. ಹುಬ್ಬೂ ದೇಹದ ಭಾಗವೇ ಅಲ್ಲವೇ?

ನೀವು ಒಂದು ಅಭ್ಯಾಸ ಮಾಡಿ ನೋಡಬಹುದು. ನೆಟ್ಟಗೆ ನಿಂತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಅರಮಂಡಿಗೆ ಇಳಿಯಲು ಒಂದು ಪೂರ್ಣ ನಿಮಿಷ ತೆಗೆದುಕೊಳ್ಳಿ, ಏಳುವುದಕ್ಕೂ ಅಷ್ಟೇ. ಅರ್ಧ ದಾರಿಯಲ್ಲಿ ತೊಡೆ ನಡುಗತೊಡಗುತ್ತದೆ, ಉಸಿರು ಕಟ್ಟುತ್ತದೆ. ಆಮೇಲೆ ‘ಶರೀರ’ದ ವಿಡಿಯೊವನ್ನು ಮತ್ತೆ ಹಾಕಿಕೊಂಡು, ಅಡವನ್ನು ಹುಡುಕದೆ, ಕಲಾವಿದೆಯ ಸೊಂಟವನ್ನೂ ಉಸಿರನ್ನೂ ಮಾತ್ರ ಗಮನಿಸಿ. ಮಂಡಿನೋವು ಇರುವವರಾದರೆ ಅಭ್ಯಾಸ ಬೇಡ, ನೋಡಿದರೆ ಸಾಕು.