ಜಪಸರ ಹಿಡಿದರೆ ನಿದ್ದೆ ಬರುತ್ತೆ, ಏನು ಮಾಡಲಿ?

ಪ್ರಶ್ನೆ: ಅಕ್ಕ, ನಾನು ನರ್ಸ್. ನೈಟ್ ಡ್ಯೂಟಿ ಜಾಸ್ತಿ. ನಮ್ಮ ಅತ್ತೆ ಪ್ರತಿ ಗುರುವಾರ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋಗುತ್ತಾರೆ. ದಿನಾ ಮಧ್ಯಾಹ್ನ ಮೂರಕ್ಕೆ ದೈವಕರುಣೆಯ ಜಪ ಮಾಡುತ್ತಾರೆ. ನಾನು ಅಲಾರಂ ಇಟ್ಟು ಎದ್ದು ಕೂತರೂ ಜಪಸರ ಕೈಯಲ್ಲೇ ಇರುತ್ತೆ, ನಿದ್ದೆ ಬಂದಿರುತ್ತೆ. ಪ್ರಾರ್ಥನೆ ದೇವರು ಕೊಡುವ ವರ ಅಂತ ಫಾದರ್ ಹೇಳಿದರು. ನನಗೆ ಮಾತ್ರ ಕೊಟ್ಟಿಲ್ಲವೇ?
ಹೆಸರು ಬೇಡ, ಬಾಣಸವಾಡಿ

ಉತ್ತರ: ಮೊದಲು ಆ ಅಲಾರಂ ತೆಗೆಯಿರಿ. ರಾತ್ರಿಯಿಡೀ ನಿಂತು ಬಂದವರು ಮಧ್ಯಾಹ್ನ ಮಲಗಬೇಕು.

ಮೂರು ಗಂಟೆ ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಹೊತ್ತು. ಆ ಹೊತ್ತಿನ ಈ ಭಕ್ತಿ ನಮಗೆ ಬಂದದ್ದು ಪೋಲೆಂಡಿನ ಸಂತ ಫೌಸ್ತೀನಾ ಅವರಿಂದ. ಕನ್ಯಾಮಠದಲ್ಲಿ ಅಡುಗೆ, ತೋಟ, ಬಾಗಿಲು ಕಾಯುವುದು ಅವರ ಕೆಲಸ. 1938ರಲ್ಲಿ, 33ನೇ ವಯಸ್ಸಿಗೇ ತೀರಿಕೊಂಡರು. ಪ್ರಾರ್ಥನಾಲಯಕ್ಕೆ ಹೋಗಲು ಆಗದಿದ್ದರೆ ಇದ್ದಲ್ಲೇ, ಒಂದು ಕ್ಷಣವಾದರೂ ಸರಿ ಅಂತ ಅವರ ದಿನಚರಿಯಲ್ಲೇ ಇದೆ. ಅತ್ತೆಯವರು ಆ ಪುಟ ಓದಿರಲಿಕ್ಕಿಲ್ಲ.

ಇನ್ನು ವರದ ಮಾತು. ವರ ಅಂದರೆ ಒಳ್ಳೆಯ ಕಂಠದ ಥರ, ಕೆಲವರಿಗೆ ಉಂಟು, ಕೆಲವರಿಗಿಲ್ಲ ಅಂದುಕೊಳ್ಳುತ್ತೇವೆ. ಹಾಗಲ್ಲಮ್ಮಾ. ಬೈಬಲಿನಲ್ಲಿ ಸಂತ ಪೌಲರು ರೋಮನರಿಗೆ ಬರೆದ ಪತ್ರದ 8ನೇ ಅಧ್ಯಾಯ ತೆರೆಯಿರಿ. ಹೇಗೆ ಪ್ರಾರ್ಥಿಸಬೇಕೋ ಗೊತ್ತಿಲ್ಲ ಅಂತ ಪೌಲರು ತಮ್ಮನ್ನೂ ಸೇರಿಸಿಕೊಂಡೇ ಹೇಳುತ್ತಾರೆ. ಪವಿತ್ರಾತ್ಮರೇ ಮಾತಿಗೆ ಸಿಗದ ನಿಟ್ಟುಸಿರಿನಲ್ಲಿ ನಮ್ಮ ಪರವಾಗಿ ಬೇಡುತ್ತಾರಂತೆ. ಅಂದರೆ, ಬಾರದವರಿಗೆಂದೇ ಇರುವ ವರ ಇದು. ಚೆನ್ನಾಗಿ ಮಾಡಿದವರಿಗೆ ಸಿಗುವುದಾದರೆ ಅದು ಸಂಬಳ, ಕರುಣೆ ಹೇಗಾದೀತು? ಲೂಕನ ಶುಭಸಂದೇಶದಲ್ಲಿ ಯೇಸು ಹೇಳುವ ಕಥೆಯೊಂದರಲ್ಲಿ ಇಬ್ಬರು ಪ್ರಾರ್ಥಿಸಲು ಹೋಗುತ್ತಾರೆ. ಅವರಲ್ಲಿ ಸುಂಕ ವಸೂಲಿ ಮಾಡುವ ಸುಂಕದವನು ದೂರ ನಿಂತು, ತಲೆ ಎತ್ತದೆ ಹೇಳಿದ್ದು ಒಂದೇ ಮಾತು: ದೇವರೇ, ಪಾಪಿಯಾದ ನನ್ನನ್ನು ಕರುಣಿಸು. ವಾರಕ್ಕೆ ಎರಡು ಉಪವಾಸದ ಲೆಕ್ಕ ಒಪ್ಪಿಸಿದ ಇನ್ನೊಬ್ಬ, ಅಂದರೆ ಕಟ್ಟುನಿಟ್ಟಿನ ಧಾರ್ಮಿಕ ಪಂಗಡದ ಫರಿಸಾಯನಿಗಿಂತ ಅವನ ಪ್ರಾರ್ಥನೆಯೇ ದೇವರಿಗೆ ಒಪ್ಪಿಗೆಯಾಯಿತು ಅಲ್ವಾ?

ನಿದ್ದೆಯ ವಿಚಾರಕ್ಕೆ, ಫ್ರಾನ್ಸಿನ ಕನ್ಯಾಸ್ತ್ರೀ, ಲಿಸ್ಯೂವಿನ ಸಂತ ತೆರೇಸಾ ಕೂಡ ಧ್ಯಾನದಲ್ಲಿ ನಿದ್ದೆ ಮಾಡುತ್ತಿದ್ದರು. ಮಲಗಿದ ಮಗುವೂ ತಂದೆತಾಯಿಗೆ ಅಷ್ಟೇ ಇಷ್ಟ, ಡಾಕ್ಟರೂ ರೋಗಿಯನ್ನು ಮಲಗಿಸಿಯೇ ಆಪರೇಷನ್ ಮಾಡುವುದು ಅಂತ ಅವರು ಬರೆದಿದ್ದಾರೆ. ಇದನ್ನು ನಿಮಗೆ ನಾನು ಬಿಡಿಸಿ ಹೇಳಬೇಕೇ! ನಮ್ಮ ಚಾಮರಾಜಪೇಟೆಯ ಜಪಕೂಟದಲ್ಲೂ ತೂಕಡಿಸದವರು ಕಡಿಮೆ. ಯಾರೂ ಒಪ್ಪಲ್ಲ, ಅಷ್ಟೇ.

ಡ್ರಿಪ್ ಬದಲಿಸುವಾಗ ಆ ರೋಗಿಯನ್ನು ನೆನೆದು ಸುಂಕದವನ ಮಾತನ್ನು ಒಂದು ಸಲ ಹೇಳಿಕೊಳ್ಳಿ. ಅತ್ತೆಯ ಜೊತೆ ವಾದ ಬೇಡ. ಗುರುವಾರ ಅವರು ಹೊರಟಾಗ, ನಮ್ಮ ವಾರ್ಡಿನವರಿಗೂ ಒಂದು ಮೇಣದಬತ್ತಿ ಹಚ್ಚಿ ಬನ್ನಿ ಅತ್ತೆ, ಅನ್ನಿ. ಅರ್ಧ ಮುನಿಸು ಅಲ್ಲೇ ಇಳಿಯುತ್ತದೆ.