ಅಮಾವಾಸ್ಯೆಯ ರಾತ್ರಿ ಎರಡು ಚಂದ್ರ

ನಮಸ್ಕಾರ ಮೇಷ್ಟ್ರೇ,

ತಿಪಟೂರಿನಿಂದ ನೀವು ಬರೆದ ಕಾಗದ ತಲುಪಿತು. "ಆಗಸ್ಟ್ 27ರ ರಾತ್ರಿ ಮಂಗಳ ಗ್ರಹ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ, ಆಕಾಶದಲ್ಲಿ ಎರಡು ಚಂದ್ರ, ಎಲ್ಲರಿಗೂ ಕಳಿಸಿ" ಎಂಬ ಸಂದೇಶ ಈ ವರ್ಷವೂ ನಿಮ್ಮ ಮನೆಗೆ ಬಂತಂತೆ. ಮೊಮ್ಮಗ ಮಹಡಿ ಹತ್ತಿ ಕಾಯುತ್ತೇನೆ ಅಂತ ಕೂತಿದ್ದನಂತೆ. ಹಿಂದೆ "ಇದನ್ನು 13 ಜನಕ್ಕೆ ಬರೆದು ಕಳಿಸಿ" ಎನ್ನುವ ಸಂತೋಷಿ ಮಾತೆಯ ಹೆಸರಿನ ಕಾರ್ಡು ಬಂದರೆ ನೀವು ಸೀದಾ ಒಲೆಗೆ ಹಾಕುತ್ತಿದ್ದಿರಿ. "ಇಂಥ ಕಸಕ್ಕೆ ಪತ್ರಿಕೆಯಲ್ಲಿ ಜಾಗ ಯಾಕೆ? ಸುಳ್ಳು ಅಂತ ಒಂದು ಸಾಲು ಹಾಕಿ ಮುಗಿಸಬಾರದೇ?" ಎಂದು ಕೇಳಿದ್ದೀರಿ.

ಕಾರ್ಡು ಒಲೆಗೆ ಹಾಕಿದ್ದು ಸರಿಯೇ. ಒಬ್ಬೊಬ್ಬರೂ 13 ಜನಕ್ಕೆ ಬರೆಯುತ್ತಾ ಹೋದರೆ ಒಂಬತ್ತನೇ ಸುತ್ತಿಗೆ 1,060 ಕೋಟಿ ಕಾರ್ಡು ಬೇಕು. ಭೂಮಿಯ ಮೇಲೆ ಅಷ್ಟು ಜನವೇ ಇಲ್ಲ. ಗಣಿತದ ಮೇಷ್ಟ್ರಿಗೆ ಇದನ್ನು ನಾನು ಹೇಳಬೇಕೇ?

ಆದರೆ ಮಂಗಳನ ಸಂದೇಶವನ್ನು ಒಂದು ಸಾಲಿನಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ಅದು ಹುಟ್ಟಿದಾಗ ಪೂರ್ತಿ ಸುಳ್ಳಾಗಿರಲಿಲ್ಲ.

2003ರ ಆಗಸ್ಟ್ 27ರಂದು ಮಂಗಳ ಭೂಮಿಗೆ ಸುಮಾರು 5.58 ಕೋಟಿ ಕಿಲೋಮೀಟರ್ ದೂರಕ್ಕೆ ಬಂದಿತ್ತು. ಹೆಚ್ಚುಕಡಿಮೆ 60,000 ವರ್ಷಗಳಲ್ಲಿ ಅಷ್ಟು ಹತ್ತಿರ ಬಂದಿರಲಿಲ್ಲ. ಆಗ ಹರಿದಾಡಿದ ಇಮೇಲ್‌ನಲ್ಲಿ ಒಂದು ಮಾತಿತ್ತು: 75 ಪಟ್ಟು ದೊಡ್ಡದಾಗಿ ತೋರಿಸುವ ದೂರದರ್ಶಕದಲ್ಲಿ ನೋಡಿದರೆ, ಬರಿಗಣ್ಣಿಗೆ ಹುಣ್ಣಿಮೆ ಚಂದ್ರ ಎಷ್ಟು ದೊಡ್ಡದಾಗಿ ಕಾಣುತ್ತಾನೋ ಮಂಗಳನೂ ಅಷ್ಟು ಕಾಣುತ್ತಾನೆ. ಕಳಿಸುತ್ತಾ ಕಳಿಸುತ್ತಾ ದೂರದರ್ಶಕ ಬಿದ್ದುಹೋಯಿತು. ಹಿಂದೆಯೇ ಇಸವಿಯೂ ಹೋಯಿತು. ಇಸವಿ ಇಲ್ಲದ ತಾರೀಕಿಗೆ ಮುಪ್ಪಿಲ್ಲ ನೋಡಿ, ಪ್ರತಿ ಆಗಸ್ಟ್‌ನಲ್ಲೂ ಹೊಸದಾಗಿ ಬರುತ್ತದೆ.

ಆ 75 ಎಲ್ಲಿಂದ ಬಂತು ಅಂತ ಹುಡುಕಿದೆ. ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ, ಅಂದರೆ 1,800 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಆ ದಿನ ಮಂಗಳನದು ಬರೀ 25. ಭಾಗಿಸಿ, 75ರ ಹತ್ತಿರಕ್ಕೇ ಬರುತ್ತೀರಿ. ಇನ್ನೊಂದು ದಾರಿಯೂ ಇದೆ. ಮಂಗಳನ ವ್ಯಾಸ ಚಂದ್ರನ ಸುಮಾರು ಎರಡರಷ್ಟು. ಹಾಗಾಗಿ ಬರಿಗಣ್ಣಿಗೆ ಚಂದ್ರನಷ್ಟು ಕಾಣಬೇಕಾದರೆ ಅವನು ಚಂದ್ರನಿಗಿಂತ ಎರಡು ಪಟ್ಟು ದೂರದಲ್ಲಿ, ಅಂದರೆ ಏಳೂವರೆ ಲಕ್ಷ ಕಿಲೋಮೀಟರಿಗೆ ಬಂದು ನಿಲ್ಲಬೇಕು. 5.58 ಕೋಟಿ ಎಲ್ಲಿ, ಏಳೂವರೆ ಲಕ್ಷ ಎಲ್ಲಿ!

ಇದಕ್ಕಿಂತ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಪಂಚಾಂಗ. 2003ರ ಆ ದಿನ ಬೆನಕನ ಅಮಾವಾಸ್ಯೆ. ನಾಲ್ಕು ದಿನ ಕಳೆದು, 31ಕ್ಕೆ ಗಣೇಶನ ಹಬ್ಬ. ಆ ರಾತ್ರಿ ಎರಡು ಚಂದ್ರ ಹಾಗಿರಲಿ, ಒಂದೂ ಇರಲಿಲ್ಲ! ಗೋಡೆಯ ಕ್ಯಾಲೆಂಡರ್ ನೋಡಿದ್ದರೆ ಸಾಕಿತ್ತು, ಅಲ್ವಾ?

ದೀಪಾವಳಿ ರಾತ್ರಿ ಬಾಹ್ಯಾಕಾಶದಿಂದ ತೆಗೆದದ್ದು ಎಂದು ಓಡಾಡುವ ಬಣ್ಣಬಣ್ಣದ ಭಾರತದ ಚಿತ್ರವೂ ಹೀಗೆಯೇ. ಅದು ಒಂದು ರಾತ್ರಿಯ ಫೋಟೋ ಅಲ್ಲ. ವರ್ಷಗಟ್ಟಲೆ ಉಪಗ್ರಹಗಳು ಕಂಡ ದೀಪಗಳನ್ನು ಅಮೆರಿಕದ ವಿಜ್ಞಾನಿಯೊಬ್ಬರು ಒಂದೇ ಚಿತ್ರವಾಗಿ ಜೋಡಿಸಿದ್ದರು. ಬಿಳಿ ಎಂದರೆ 1992ಕ್ಕೆ ಮೊದಲೇ ಇದ್ದ ಬೆಳಕು. ನೀಲಿ 1992ರದು, ಹಸಿರು 1998ರದು, ಕೆಂಪು 2003ರದು. ಊರುಗಳು ಹೇಗೆ ಬೆಳೆದವು ಅಂತ ಅದರಲ್ಲಿ ಓದಬಹುದು. ಪಟಾಕಿಗಿಂತ ಇದು ಎಷ್ಟು ಸೊಗಸು! ನಿಜವಾದ ದೀಪಾವಳಿಯ ಹೆಚ್ಚುವರಿ ಬೆಳಕು ಅಷ್ಟು ಮೇಲಿನಿಂದ ಗೊತ್ತೇ ಆಗುವುದಿಲ್ಲ ಎಂದು ನಾಸಾ 2012ರಲ್ಲಿ ಹೇಳಿತು.

ಎಲ್ಲ ಸಂದೇಶಕ್ಕೂ ಇಷ್ಟು ಮರ್ಯಾದೆ ಬೇಡ. ದುಡ್ಡು ಕೇಳುವುದು, ಹೆದರಿಸುವುದು, ಮನೆಮದ್ದು ಹೇಳುವುದು, ಇವನ್ನೆಲ್ಲ ಸುಮ್ನೆ ಅಳಿಸಿಬಿಡಿ. ಆದರೆ ತಾರೀಕು, ಅಂಕಿ, ಚಿತ್ರ ಇರುವಂಥದ್ದು ಬಂದಾಗ "ನಿಜವೋ ಸುಳ್ಳೋ" ಎಂಬಲ್ಲಿಗೇ ನಿಲ್ಲಬೇಡಿ. "ಇದು ಎಲ್ಲಿ ಶುರುವಾಯಿತು, ದಾರಿಯಲ್ಲಿ ಏನು ಬಿದ್ದುಹೋಯಿತು" ಅಂತ ಕೇಳಿ ನೋಡಿ. ಪತ್ರಿಕೆಯಲ್ಲಿ ಜಾಗ ಕೊಡುವುದು ಆ ಹುಡುಕಾಟಕ್ಕೆ, ಸುಳ್ಳಿಗಲ್ಲ.

ಮೊಮ್ಮಗನಿಗೆ ಒಂದು ಮಾತು ಹೇಳಿ. ಮಂಗಳ ಭೂಮಿಗೆ ಹತ್ತಿರವಾಗುವುದು ಸುಮಾರು 26 ತಿಂಗಳಿಗೊಮ್ಮೆ, ಪ್ರತಿ ಆಗಸ್ಟ್‌ನಲ್ಲಿ ಅಲ್ಲ. 2027ರ ಫೆಬ್ರವರಿಯಲ್ಲಿ ಬರುತ್ತಾನೆ, ಆದರೆ ಹತ್ತು ಕೋಟಿ ಕಿಲೋಮೀಟರ್ ಆಚೆಯೇ ಇರುತ್ತಾನೆ. ತುಂಬಾ ಹತ್ತಿರ ಬರುವುದು 2035ರ ಸೆಪ್ಟೆಂಬರ್‌ನಲ್ಲಿ. ಆಗಲೂ ಬರಿಗಣ್ಣಿಗೆ ಕಾಣುವುದು ಹೊಳೆಯುವ ಕೆಂಪು ಚುಕ್ಕಿಯೇ. ಅಷ್ಟರೊಳಗೆ ಅವನಿಗೊಂದು ಚಿಕ್ಕ ದೂರದರ್ಶಕ ಕೊಡಿಸಿ, 75 ಪಟ್ಟು ತೋರಿಸುವಂಥದ್ದು.

ಸಂಪಾದಕ