ಪ್ರತಿಕ್ರಿಯೆ: ಮಾತ್ರೆ ಕೊಡಲಿಲ್ಲ, ಚಾರ್ಟಿನಲ್ಲಿ ಬರೆಯಲೂ ಇಲ್ಲ
ಅಮೆರಿಕದಲ್ಲಿ ವೃದ್ಧರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್‌ನಲ್ಲಿ ಹೊಸ ಕೆಲಸ, ನಿನ್ನೆ ಅಜ್ಜಿಯೊಬ್ಬರ ಬಿಪಿ 92/54 ಇತ್ತು ಅಂತ ಮೆಟೊಪ್ರೊಲಾಲ್ (ಬಿಪಿ, ನಾಡಿ ಇಳಿಸುವ ಮಾತ್ರೆ) ಕೊಡಲಿಲ್ಲ, ಬರೆಯುವುದೂ ಮರೆತೆ ಅಂದಿದ್ದೀರಿ. ಮಾತ್ರೆ ತಡೆದದ್ದಕ್ಕೆ ಬೈಯುವುದಿಲ್ಲ. ಆದರೆ ಡಾಕ್ಟರ ಆರ್ಡರ್‌ನಲ್ಲೇ 'ಸಿಸ್ಟಾಲಿಕ್ (ಬಿಪಿಯ ಮೇಲಿನ ಅಂಕಿ) 100ಕ್ಕಿಂತ ಕೆಳಗಿದ್ದರೆ ಬೇಡ' ಎಂಬಂಥ ಮಾತು ಇಲ್ಲದಿದ್ದರೆ ಆಗಲೇ ಡಾಕ್ಟರಿಗೆ ಫೋನ್ ಮಾಡಬೇಕಿತ್ತು. ಮೊದಲು ಅಜ್ಜಿಯ ಬಿಪಿ, ನಾಡಿ ನೋಡಿ. ಡಾಕ್ಟರಿಗೂ ಸೂಪರ್‌ವೈಸರ್‌ಗೂ ತಿಳಿಸಿ. ಆಮೇಲೆ ಚಾರ್ಟಿನಲ್ಲಿ 'ಲೇಟ್ ಎಂಟ್ರಿ' (ತಡವಾಗಿ ಬರೆದದ್ದು) ಅಂತಲೇ ಬರೆಯಿರಿ. ಬರೆಯುತ್ತಿರುವ ಗಂಟೆ ಬೇರೆ, ಬಿಪಿ ನೋಡಿದ ಗಂಟೆ ಬೇರೆ, ಎರಡೂ ಇರಲಿ. ನಿನ್ನೆಯೇ ಬರೆದ ಹಾಗೆ ತೋರಿಸಲು ಹೋಗಬೇಡಿ. ಕಂಪ್ಯೂಟರ್ ಚಾರ್ಟು ಅಸಲಿ ಸಮಯವನ್ನು ಹಿಡಿದಿಟ್ಟಿರುತ್ತದೆ, ಅಲ್ವಾ? ಡಾಕ್ಟರ್ ಫೋನಿನಲ್ಲಿ ಹೊಸ ಆರ್ಡರ್ ಕೊಟ್ಟರೆ ಬರೆದುಕೊಂಡು, ಅವರಿಗೇ ಓದಿ ಹೇಳಿ. ನಮ್ಮ ಉಚ್ಚಾರಕ್ಕೆ 'ಫಿಫ್ಟೀನ್', 'ಫಿಫ್ಟಿ' ಜಾಸ್ತಿ ಗೊಂದಲ. 15 ಆದರೆ 'ಒನ್ ಫೈವ್' ಅಂತ ಬಿಡಿಸಿ ಹೇಳಿ.